ಸೆಟ್ ತುಂಬಿದ ಮೇಲೆ

ನಾಣ್ಯ ಸಂಗ್ರಹ ಶುರು ಮಾಡುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಕಲಿಯನ್ನು ಗುರುತಿಸುವ ಬಗೆ, ಬೆಳ್ಳಿ ಕಪ್ಪಿಡದಂತೆ ಕಾಪಾಡುವ ಬಗೆ, ಹರಾಜಿನಲ್ಲಿ ಎಲ್ಲಿ ಕೈಬಿಡಬೇಕು ಎಂಬ ಲೆಕ್ಕ, ಎಲ್ಲಕ್ಕೂ ಹೇಳುವವರು ಸಿಗುತ್ತಾರೆ. ಸೆಟ್ ಪೂರ್ತಿಯಾದ ಮೇಲೆ ಮುಂದೇನು ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಬಗೆಹರಿಸಿಕೊಳ್ಳಬೇಕು. ಕೆಲವು ತಿಂಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಒಂದು ತೀರ್ಮಾನಕ್ಕೂ ಬಂದಿದ್ದೇನೆ. ಆ ದಾರಿಯನ್ನು ಬರೆದಿಟ್ಟರೆ ಇದೇ ಜಾಗಕ್ಕೆ ಬಂದು ನಿಂತ ಇನ್ನೊಬ್ಬರಿಗೆ ಉಪಯೋಗವಾದೀತು.

ನನ್ನದು ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಗಳ ಸೆಟ್. 1911ರಿಂದ 1922ರವರೆಗೆ, ಬಾಂಬೆ ಮತ್ತು ಕಲ್ಕತ್ತಾ ಟಂಕಸಾಲೆಗಳಲ್ಲಿ ಯಾವ ಇಸವಿಯಲ್ಲಿ ಯಾವುದು ಹೊಡೆದಿತ್ತೋ ಅದೆಲ್ಲ. ಒಂದೊಂದೂ 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ. ಹಿಂಬದಿಯಲ್ಲಿ ಗುಲಾಬಿ, ಥಿಸಲ್, ಶ್ಯಾಮ್‌ರಾಕ್, ಕಮಲ ಸೇರಿದ ಹೂಬಳ್ಳಿ. ಬುಡದ ಕಮಲದ ಕೆಳಗೆ ಉಬ್ಬಿದ ಪುಟ್ಟ ಚುಕ್ಕೆಯಿದ್ದರೆ ಅದು ಬಾಂಬೆಯದು, ಇಲ್ಲದಿದ್ದರೆ ಕಲ್ಕತ್ತಾದ್ದು. ಇಡೀ ಸೆಟ್ಟಿಗೆ ಮೆರುಗು ಕೊಡುವುದು 1911ರ ನಾಣ್ಯ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಕೆತ್ತಿದ ಆನೆ ನೋಡುವವರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಮುಂದಿನ ವರ್ಷಕ್ಕೆ ಸೊಂಡಿಲು ಕಿವಿಗಳನ್ನು ತಿದ್ದಿ ಹೊಸ ಅಚ್ಚು ಮಾಡಿದರು. 1911ರದನ್ನೂ 1912ರದನ್ನೂ ಅಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರೆ, ಸಾಸಿವೆ ಗಾತ್ರದ ಜಾಗದಲ್ಲಿ ಒಬ್ಬ ಅಚ್ಚುಗಾರನ ಕೈ ಓಡಾಡಿದ್ದು ಸ್ಪಷ್ಟವಾಗಿ ಕಾಣುತ್ತದೆ. ನನಗೆ ಈ ಹವ್ಯಾಸ ಹತ್ತಿದ್ದೇ ಇಂಥ ಗುರುತುಗಳಿಂದ.

ಸೆಟ್ ತುಂಬಿದಾಗ ಸಂತೋಷವಾಯಿತು, ನಿಜ. ಜೊತೆಗೇ ಒಂದು ಬಗೆಯ ಕೆಲಸವಿಲ್ಲದ ಭಾವ. ಹುಡುಕುವವನ ದಿನಚರಿಯೇ ಬೇರೆ: ಪಟ್ಟಿ ನೋಡುವುದು, ಹರಾಜಿನ ಚಿತ್ರಗಳನ್ನು ದೊಡ್ಡದು ಮಾಡಿ ಚುಕ್ಕೆ ಇದೆಯೋ ಇಲ್ಲವೋ ಎಂದು ನೋಡುವುದು, ಯಾರಿಗಾದರೂ ಬರೆದು ಉತ್ತರಕ್ಕೆ ಕಾಯುವುದು. ಆಲ್ಬಮ್ ತುಂಬಿತೆಂದರೆ ಅದೆಲ್ಲ ಒಮ್ಮೆಗೇ ನಿಂತುಹೋಗುತ್ತದೆ. ಆಗ ಕೈ ತಾನಾಗಿ ಏನನ್ನಾದರೂ ಕೊಳ್ಳಲು ಚಾಚುತ್ತದೆ. ಆ ಹೊತ್ತಿನಲ್ಲಿ ಕೊಂಡದ್ದು ಮುಂದೆ ನಮ್ಮ ಸಂಗ್ರಹವಾಗಿ ಉಳಿಯುವುದು ಕಡಿಮೆ. ಹಾಗಾಗಿ ನಾನು ಮೊದಲು ಹೇಳುವ ಮಾತು: ಕೆಲವು ಕಾಲ ಏನನ್ನೂ ಕೊಳ್ಳಬೇಡಿ. ತುಂಬಿದ ಸೆಟ್ಟನ್ನೇ ಎದುರಿಗಿಟ್ಟುಕೊಂಡು ಕುಳಿತು ನೋಡಿ.

ಸೆಟ್ ಪೂರ್ತಿಯಾಯಿತು ಎನ್ನುತ್ತೇವಲ್ಲ, ಅದನ್ನು ನಿಶ್ಚಯಿಸಿದವರು ಯಾರು ಎಂದು ಯೋಚಿಸಿದರೆ ಸೋಜಿಗವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಬಹುಭಾಗ ಅಮೆರಿಕದ ಸಂಗ್ರಾಹಕರು ಇಸವಿಯನ್ನಷ್ಟೇ ನೋಡುತ್ತಿದ್ದರು. ಒಂದು ಇಸವಿಗೆ ಒಂದು ನಾಣ್ಯ ಸಿಕ್ಕರೆ ಆಯಿತು, ಅದು ಯಾವ ಟಂಕಸಾಲೆಯದೆಂಬುದು ಹೆಚ್ಚಿನವರಿಗೆ ಬೇಕಿರಲಿಲ್ಲ. 1893ರಲ್ಲಿ ಅಗಸ್ಟಸ್ ಹೀಟನ್ ಎಂಬ ಚಿತ್ರಕಾರರು ಟಂಕಸಾಲೆ ಗುರುತುಗಳ ಬಗ್ಗೆ ಒಂದು ಪುಟ್ಟ ಹೊತ್ತಗೆ ತಂದು, ಅವನ್ನು ಬೇರೆ ಬೇರೆಯಾಗಿ ಕೂಡಿಡುವುದಕ್ಕೆ ಇರುವ ಕಾರಣಗಳನ್ನು ಒಂದೊಂದಾಗಿ ಮುಂದಿಟ್ಟರು. ಅಲ್ಲಿಯವರೆಗೆ ಪೂರ್ತಿ ಎನಿಸಿಕೊಂಡಿದ್ದ ಸಂಗ್ರಹಗಳು ಆಮೇಲೆ ಅರ್ಧ ಖಾಲಿ ಕಂಡವು. 1930ರ ದಶಕದಲ್ಲಿ ರಟ್ಟಿನ ಹಲಗೆಯಲ್ಲಿ ಇಸವಿವಾರು ತೂತು ಕೊರೆದು ಮಾರತೊಡಗಿದ ಮೇಲೆ ಆ ತೂತುಗಳೇ ಗಡಿಯಾದವು. ನನ್ನ ರೂಪಾಯಿ ಸೆಟ್ಟಿನ ಗಡಿಯನ್ನೂ ನಾನು ಹಾಕಿದ್ದಲ್ಲ. ಆಲ್ಬಮ್ ಹಾಗಿತ್ತು, ನಾನು ತುಂಬಿದೆ. ಮುಂದಿನ ಸಂಗ್ರಹದ ಗಡಿಯನ್ನು ನಾನೇ ಎಳೆಯಬೇಕು ಎಂಬ ಆಸೆ ಹುಟ್ಟಿದ್ದು ಇದನ್ನು ತಿಳಿದ ಮೇಲೆ.

ಎಲ್ಲವನ್ನೂ ಮುಗಿಸಿದವರು ಏನು ಮಾಡಿದರು ಎಂದೂ ಓದಿದೆ. ಬಾಲ್ಟಿಮೋರ್‌ನ ಲೂಯಿ ಎಲಿಯಾಸ್‌ಬರ್ಗ್ 1950ರಲ್ಲಿ ಅಮೆರಿಕದ ನಾಣ್ಯಗಳನ್ನು ಇಸವಿವಾರು, ಟಂಕಸಾಲೆವಾರು ಆಗ ಗೊತ್ತಿದ್ದಷ್ಟೂ ಕೂಡಿಸಿದರು. ಕೊನೆಯದಾಗಿ ಸೇರಿದ್ದು 1873ರಲ್ಲಿ ಕಾರ್ಸನ್ ಸಿಟಿಯಲ್ಲಿ ಹೊಡೆದ, ಇಸವಿಯ ಪಕ್ಕ ಬಾಣದ ಗುರುತಿಲ್ಲದ ಡೈಮ್ ಎಂಬ ಹತ್ತು ಸೆಂಟ್ ನಾಣ್ಯ. ಅಂಥದ್ದು ಜಗತ್ತಿನಲ್ಲಿ ಇರುವುದೇ ಒಂದು. ಆಮೇಲೆ ಅವರು ಸಂಗ್ರಹವನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲಿಲ್ಲ. ಊರೂರಿನ ಪ್ರದರ್ಶನಗಳಿಗೆ ಕಳಿಸಿ ಜನರಿಗೆ ತೋರಿಸಿದರು. ಇಟಲಿಯ ದೊರೆ ಮೂರನೇ ವಿಟ್ಟೋರಿಯೊ ಎಮಾನುಯೆಲೆ ಅವರದು ಇನ್ನೊಂದು ದಾರಿ. ಇಟಲಿಯ ನಾಣ್ಯಗಳನ್ನು ಕೂಡಿಸುತ್ತಾ ಕೂಡಿಸುತ್ತಾ ಅವುಗಳ ವಿವರಪಟ್ಟಿಯನ್ನೇ ಅಚ್ಚು ಹಾಕಿಸತೊಡಗಿದರು. 1910ರಿಂದ 1943ರವರೆಗೆ ಅದರ 20 ಸಂಪುಟಗಳು ಬಂದವು. 1946ರಲ್ಲಿ ನಾಡು ಬಿಟ್ಟು ಹೋಗುವಾಗ ಸಂಗ್ರಹವನ್ನು ಇಟಲಿಯ ಜನರಿಗೇ ಬಿಟ್ಟರು. ಅವರ ರಾಜಕೀಯದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಆದರೆ ಆ 20 ಸಂಪುಟಗಳ ಕೆಲಸಕ್ಕೆ ತಲೆಬಾಗುತ್ತೇನೆ. ತೋರಿಸುವುದು, ಬರೆಯುವುದು ಎರಡೂ ಸಂಗ್ರಹದ ಮುಂದುವರಿಕೆಯೇ. ಹೊಸದನ್ನು ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ.

ಆದರೂ ನನಗೆ ಇನ್ನೊಂದು ಹುಡುಕಾಟ ಬೇಕಿತ್ತು. ಎದುರಿಗಿದ್ದ ದಾರಿಗಳನ್ನು ಒಂದೊಂದಾಗಿ ತೂಗಿ ನೋಡಿದೆ.

ತೀರಾ ಹತ್ತಿರದ್ದು, ಇದೇ ಸೆಟ್ಟಿನ ಸವಕಲು ನಾಣ್ಯಗಳನ್ನು ತೆಗೆದು ಅವುಗಳ ಜಾಗಕ್ಕೆ ಹೊಳೆಯುವುದನ್ನು ತರುವುದು. ನಾಣ್ಯ ಎಷ್ಟು ಸವೆದಿದೆ, ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹೇಳಲು ವಿಲಿಯಂ ಶೆಲ್ಡನ್ ಹಾಕಿಕೊಟ್ಟ 1ರಿಂದ 70ರ ಅಳತೆ ಇವತ್ತು ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ, ಅದರಲ್ಲಿ ಒಂದೊಂದೇ ಮೆಟ್ಟಿಲು ಹತ್ತಬಹುದು. ಅದರಲ್ಲಿ ಸುಖ ಕಾಣುವವರು ಬಹಳ ಜನ. ನನಗೆ ಅದು ಒಗ್ಗಲಿಲ್ಲ. ನಾಣ್ಯದ ಸವಕಳಿ ನನಗೆ ಕೊರತೆಯಾಗಿ ಕಾಣುವುದಿಲ್ಲ. ದೊರೆಯ ಕಿರೀಟದ ಉಬ್ಬು ತೇಯ್ದುಹೋಗಿದ್ದರೆ ಅಷ್ಟು ಕೈಗಳಲ್ಲಿ ಅದು ಓಡಾಡಿದೆ ಎಂದೇ ಅರ್ಥ. ಅದನ್ನು ಮಾರಿ, ಯಾರೂ ಮುಟ್ಟದ ಒಂದನ್ನು ತರುವುದರಿಂದ ನನಗೆ ಹೊಸದೇನೂ ತಿಳಿಯುವುದಿಲ್ಲ.

ಎರಡನೆಯದು ಹಿಂದಿನ ದೊರೆ, ಮುಂದಿನ ದೊರೆ ಎಂದು ಸಾಲನ್ನೇ ಬೆಳೆಸುತ್ತಾ ಹೋಗುವುದು. ವಿಕ್ಟೋರಿಯಾ ರೂಪಾಯಿಗಳಲ್ಲಿ ಇದು ಬೇರೆಯೇ ಒಂದು ಲೋಕಕ್ಕೆ ಕರೆದೊಯ್ಯುತ್ತದೆ: 1862 ಎಂಬ ಇಸವಿಯನ್ನು ಬದಲಿಸದೆ ವರ್ಷಗಟ್ಟಲೆ ಹಾಗೆಯೇ ಹೊಡೆದರು, ಬಾಂಬೆಯವರು ಚುಕ್ಕೆಗಳನ್ನು ಕೂಡಿಸುತ್ತಾ ಹೋದರು. ಚುಕ್ಕೆ ಎಣಿಸುವುದೇ ಜೀವನದ ಕೆಲಸವಾದ ಗಟ್ಟಿಗರಿದ್ದಾರೆ. ಆ ತಾಳ್ಮೆಯ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಮನಸ್ಸು ಅತ್ತ ಓಡಲಿಲ್ಲ. ಹಳೆಯ ಕಾಲಕ್ಕೆ ಜಿಗಿಯುವುದು, ರೋಮಿನ ಹನ್ನೆರಡು ಸೀಸರ್‌ಗಳ, ಅಂದರೆ ಅಲ್ಲಿನ ಹಳೆಯ ದೊರೆಗಳ, ನಾಣ್ಯಗಳನ್ನು ಕೂಡಿಸುವುದು ಹಲವರ ಕನಸು. ಅಲ್ಲಿ ನಕಲಿಯ ಹಾವಳಿ ಜೋರು. ಹಣಕ್ಕಿಂತ ಹೆಚ್ಚಾಗಿ ಬರಿಗಣ್ಣಿನ ಅನುಭವ ಬೇಕು, ನನ್ನ ಕಣ್ಣು ಪಳಗಿರುವುದು ಯಂತ್ರದಲ್ಲಿ ಹೊಡೆದ ನಾಣ್ಯಗಳ ಮೇಲೆ. ನೋಟು, ಟೋಕನ್, ಪದಕ ಇವುಗಳ ಬಗ್ಗೆಯೂ ಒಂದಷ್ಟು ದಿನ ಓದಿದೆ, ಬಿಟ್ಟೆ.

ತಿರುವು ಬಂದದ್ದು ನನ್ನದೇ ಸೆಟ್ಟಿನ 1918ರ ರೂಪಾಯಿಯಿಂದ.

ಆ ಒಂದು ಇಸವಿಯಲ್ಲಿ ಎರಡೂ ಟಂಕಸಾಲೆ ಸೇರಿ 40 ಕೋಟಿಗೂ ಹೆಚ್ಚು ರೂಪಾಯಿ ಹೊಡೆದಿವೆ. ಯುದ್ಧದ ನಡುವೆ, ಬೆಳ್ಳಿಗೆ ಬರ ಬಂದಿದ್ದ ಹೊತ್ತಿನಲ್ಲಿ! 1917ರ ಕೊನೆಗೆ ಒಂದು ರೂಪಾಯಿಯ ನೋಟು ಬಂದದ್ದು, 1918ರಲ್ಲಿ ಎರಡಾಣೆಯನ್ನು ತಾಮ್ರ-ನಿಕ್ಕಲ್‌ನಲ್ಲಿ ಚೌಕಾಕಾರವಾಗಿ ಹೊಡೆದದ್ದು ಎಲ್ಲ ಈ ಬರದಿಂದಲೇ. ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದ್ದರು, ಕೊಡಲು ಖಜಾನೆಯಲ್ಲಿ ಬೆಳ್ಳಿ ಸಾಲದಾಗಿತ್ತು. ಹಾಗಾದರೆ 40 ಕೋಟಿ ರೂಪಾಯಿಗೆ ಲೋಹ ಬಂದದ್ದೆಲ್ಲಿಂದ? ಸೆಟ್ ತುಂಬುವ ಭರದಲ್ಲಿದ್ದಾಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಆಗ ನನ್ನ ಕಣ್ಣು ಚುಕ್ಕೆಯ ಮೇಲೆ ಮಾತ್ರ ಇತ್ತು.

ಉತ್ತರದ ದೊಡ್ಡ ಪಾಲು ಅಮೆರಿಕದಲ್ಲಿದೆ. 1918ರ ಏಪ್ರಿಲ್‌ನಲ್ಲಿ ಅಲ್ಲಿ ಪಿಟ್‌ಮನ್ ಕಾಯ್ದೆ ಬಂತು, ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನಲ್ಲಿ. ಖಜಾನೆಯಲ್ಲಿ ಚೀಲಗಟ್ಟಲೆ ಬಿದ್ದಿದ್ದ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ ಮಾರಲು ಅದು ಅನುಮತಿ ಕೊಟ್ಟಿತು. 27 ಕೋಟಿಗೂ ಹೆಚ್ಚು ಡಾಲರ್ ನಾಣ್ಯಗಳು ಕರಗಿದವು. ಅದರಲ್ಲಿ ಸುಮಾರು 25.9 ಕೋಟಿ ಡಾಲರ್‌ಗಳ ಬೆಳ್ಳಿಯನ್ನು ಬ್ರಿಟನ್ ಭಾರತಕ್ಕೆಂದೇ ಕೊಂಡಿತು. ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಆ ಕಾಲದ ಅಮೆರಿಕದ ಬೆಳ್ಳಿ ಡಾಲರ್ ಆದ ಮೋರ್ಗನ್ ಡಾಲರ್ 26.73 ಗ್ರಾಂ, ಅದರಲ್ಲಿ ನೂರಕ್ಕೆ 90 ಬೆಳ್ಳಿ, ಅಂದರೆ ಅಪ್ಪಟ ಬೆಳ್ಳಿ 24 ಗ್ರಾಂ ಚಿಲ್ಲರೆ. ನಮ್ಮ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ 10.69 ಗ್ರಾಂ. ಒಂದು ಡಾಲರ್ ಕರಗಿದರೆ ಎರಡೂಕಾಲು ರೂಪಾಯಿ. ಆ 25.9 ಕೋಟಿ ಡಾಲರ್‌ಗಳಲ್ಲಿ ಸುಮಾರು 58 ಕೋಟಿ ರೂಪಾಯಿಗೆ ಸಾಕಾಗುವಷ್ಟು ಬೆಳ್ಳಿ ಇತ್ತು.

ನನ್ನ ಕೈಯಲ್ಲಿರುವ ಈ ಒಂದು ರೂಪಾಯಿಯಲ್ಲಿ ಯಾವ ಗಣಿಯ ಬೆಳ್ಳಿ ಇದೆಯೆಂದು ಯಾರೂ ಹೇಳಲಾರರು. ಕರಗಿಸಿದ ಮೇಲೆ ಬೆಳ್ಳಿಗೆ ಗುರುತಿಲ್ಲ. ಆದರೂ ಆ ದಿನಗಳ ಎಷ್ಟೋ ರೂಪಾಯಿಗಳು ಮೊದಲು ಡಾಲರ್‌ಗಳಾಗಿದ್ದವು ಎಂದು ತಿಳಿದ ಮೇಲೆ ಆಲ್ಬಮ್ಮಿನ ಆ ಸಾಲನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ. ಅತ್ತ ಅಮೆರಿಕದ ಸಂಗ್ರಾಹಕರಿಗೂ ಇದೇ ಕರಗುವಿಕೆಯ ಬಿಸಿ ತಾಗಿದೆ. ಯಾವ ಇಸವಿಯ ಡಾಲರ್ ಎಷ್ಟು ಕರಗಿತೆಂದು ಯಾರೂ ಬರೆದಿಡಲಿಲ್ಲ. ಹಾಗಾಗಿ ಮೋರ್ಗನ್ ಡಾಲರ್‌ಗಳಲ್ಲಿ ಹೊಡೆದ ಸಂಖ್ಯೆ ನೋಡಿ ಅಪರೂಪ ಯಾವುದೆಂದು ಹೇಳಲು ಬರುವುದಿಲ್ಲ. ಲಕ್ಷಗಟ್ಟಲೆ ಹೊಡೆದದ್ದೂ ಈಗ ಸಿಗದಿರಬಹುದು. ಕರಗಿಸಿದಷ್ಟನ್ನೂ ಮತ್ತೆ ಹೊಡೆಯಬೇಕೆಂದು ಅದೇ ಕಾಯ್ದೆ ಹೇಳಿದ್ದರಿಂದ, 1904ಕ್ಕೇ ನಿಂತಿದ್ದ ಮೋರ್ಗನ್ ಡಾಲರ್ 1921ರಲ್ಲಿ ಮತ್ತೊಮ್ಮೆ ಬಂತು. ಹಾಗಾಗಿ 1921ರ ಒಂದು ಮೋರ್ಗನ್ ಡಾಲರ್ ತಂದು 1918ರ ರೂಪಾಯಿಯ ಪಕ್ಕ ಇಟ್ಟಿದ್ದೇನೆ. ಅದು ಹೊಸ ಸೆಟ್ಟಿನ ಮೊದಲ ನಾಣ್ಯವೆಂದು ತಂದದ್ದಲ್ಲ. ಹಳೆಯ ಸೆಟ್ಟಿನ ಒಂದು ಮಾತಿಗೆ ಅದು ಉತ್ತರ.

ನಾಣ್ಯ ಗಡಿ ದಾಟುತ್ತದೆ ಎಂಬುದು ತಲೆಯಲ್ಲಿ ಕೂತ ಮೇಲೆ ಬಾಂಬೆ ಟಂಕಸಾಲೆಯನ್ನೇ ಬೇರೆ ದೃಷ್ಟಿಯಿಂದ ನೋಡತೊಡಗಿದೆ. ಕಮಲದ ಕೆಳಗೆ ಚುಕ್ಕೆ ಇಡುತ್ತಿದ್ದ ಅದೇ ಕೈಗಳು ಬೇರೆ ನಾಡುಗಳಿಗಾಗಿ ಏನೇನು ಹೊಡೆದವು? ಇಲ್ಲಿ ನನ್ನ ಹೊಸ ಸಂಗ್ರಹದ ಗಡಿ ಸಿಕ್ಕಿತು.

1895ರಲ್ಲಿ ಶುರುವಾಗಿ ನಡುನಡುವೆ ಬಿಡುವು ಕೊಟ್ಟು 1935ರವರೆಗೆ ನಡೆದ ಬ್ರಿಟಿಷ್ ಟ್ರೇಡ್ ಡಾಲರ್ ಈ ಪಟ್ಟಿಯ ಬೆನ್ನೆಲುಬು. ಪೂರ್ವ ಸಮುದ್ರಗಳ ವ್ಯಾಪಾರಕ್ಕೆಂದು ಮಾಡಿದ 26.95 ಗ್ರಾಮಿನ ದೊಡ್ಡ ಬೆಳ್ಳಿ ನಾಣ್ಯ. ಒಂದು ಬದಿ ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ಎಂಬ ಹೆಣ್ಣು ತ್ರಿಶೂಲ ಹಿಡಿದು ನಿಂತಿದ್ದಾಳೆ, ಹಿಂದೆ ಹಡಗು. ಇನ್ನೊಂದು ಬದಿಯಲ್ಲಿ ಚೀನೀ ಮತ್ತು ಮಲಯ ಭಾಷೆಗಳಲ್ಲಿ ಬೆಲೆ. ದೊರೆಯ ಮುಖ ಎಲ್ಲೂ ಇಲ್ಲ. ಬಾಂಬೆಯ ಗುರುತು ಎಲ್ಲಿದೆ ಗೊತ್ತೇ? ತ್ರಿಶೂಲದ ನಡುವಿನ ಮೊನೆಯ ಮೇಲೆ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ ಒಂದು ‘ಬಿ’. ಚೀನಾದ ವ್ಯಾಪಾರಿಗಳು ಬೆಳ್ಳಿಯನ್ನು ಪರೀಕ್ಷಿಸಿ ತಮ್ಮ ಮುದ್ರೆ ಒತ್ತಿದ ನಾಣ್ಯಗಳೂ ಸಿಗುತ್ತವೆ. ಅದನ್ನು ಚಾಪ್ ಮಾರ್ಕ್ ಎನ್ನುತ್ತಾರೆ. ಹಿಂದೆ ಸಂಗ್ರಾಹಕರು ಇಂಥವನ್ನು ಹಾಳಾದ ನಾಣ್ಯವೆಂದು ತಳ್ಳುತ್ತಿದ್ದರು. ನನಗೆ ಬೇಕಾದದ್ದು ಅವೇ. ಬಾಂಬೆಯಲ್ಲಿ ಹುಟ್ಟಿದ ನಾಣ್ಯ ಅಲ್ಲಿಗೆ ತಲುಪಿತು, ಒಬ್ಬ ವ್ಯಾಪಾರಿ ಅದನ್ನು ಕೈಯಲ್ಲಿ ಹಿಡಿದು ಒಪ್ಪಿಕೊಂಡ ಎಂಬುದಕ್ಕೆ ಆ ಮುದ್ರೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದರ ಪಕ್ಕದಲ್ಲಿ ಸಿಂಗಾಪುರ, ಮಲಕ್ಕಾ ಸುತ್ತಲಿನ ಬ್ರಿಟಿಷ್ ವಸಾಹತಾಗಿದ್ದ ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್‌ನ 1903 ಮತ್ತು 1904ರ ಡಾಲರ್, ಅದರಲ್ಲೂ ‘ಬಿ’ ಇದೆ. ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾಕ್ಕೆ ಹೊಡೆದುಕೊಟ್ಟ 1942, 1943ರ ಪೆನ್ನಿ ಮತ್ತು ಅರ್ಧ ಪೆನ್ನಿಗಳು: ಹಿಂಬದಿಯಲ್ಲಿ ಕಾಂಗರೂ, ಗುರುತಿಗೆ ‘ಐ’. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಬೆಳ್ಳಿ ನಾಣ್ಯಗಳು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಡೆನ್ವರ್‌ನಲ್ಲಿ ಅಚ್ಚಾಗುತ್ತಿದ್ದವು. ಇನ್ನೊಂದು ಚಿನ್ನದ್ದು. ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್‌ನ ಶಾಖೆಯಾಗಿ ಬಾಂಬೆ ಹೊಡೆದ ಸವರನ್ ಎಂಬ ಬ್ರಿಟಿಷ್ ನಾಣ್ಯ, ಅದರ ಇಸವಿ 1918 ಒಂದೇ.

ಇಷ್ಟೆಲ್ಲದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಮರಿಯಾ ಥೆರೇಸಾ ಥೇಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯ. ಆಸ್ಟ್ರಿಯಾದ ಆ ರಾಣಿ ತೀರಿಕೊಂಡದ್ದು 1780ರ ನವೆಂಬರ್‌ನಲ್ಲಿ. ನಾಣ್ಯದ ಮೇಲೆ ಅಂದಿನಿಂದ ಇಂದಿನವರೆಗೂ ಅದೇ ಇಸವಿ ಇದೆ. ಕೆಂಪು ಸಮುದ್ರದ ಎರಡೂ ದಂಡೆಗಳಲ್ಲಿ, ಇಥಿಯೋಪಿಯದಲ್ಲಿ, ಯೆಮೆನ್‌ನಲ್ಲಿ ಜನ ನಂಬಿದ್ದು ಈ 28 ಗ್ರಾಮಿನ ನಾಣ್ಯವನ್ನು. ರಾಣಿಯ ಎದೆಯ ಮೇಲಿನ ಒಡವೆಯ ಮುತ್ತುಗಳು ಸರಿಯಾಗಿ ಮೂಡಿವೆಯೇ ಎಂದು ನೋಡಿಯೇ ತೆಗೆದುಕೊಳ್ಳುತ್ತಿದ್ದರು. ಮುಖ ಬದಲಾದರೆ ನಾಣ್ಯ ಚಲಾವಣೆಯಾಗದು, ಹಾಗಾಗಿ ಯಾರು ಹೊಡೆದರೂ ಸತ್ತ ರಾಣಿಯ ಮುಖವನ್ನೇ ಹೊಡೆಯಬೇಕಾಯಿತು. ವಿಯೆನ್ನಾ, ರೋಮ್, ಪ್ಯಾರಿಸ್, ಲಂಡನ್, ಬ್ರಸೆಲ್ಸ್ ಹೀಗೆ ಒಂದೊಂದು ಟಂಕಸಾಲೆಯೂ ಹೊಡೆಯಿತು. 1940–41ರಲ್ಲಿ ಇಥಿಯೋಪಿಯದತ್ತ ನಡೆದ ಯುದ್ಧಕ್ಕೆ ಬೇಕಾಯಿತೆಂದು ಬಾಂಬೆಯೂ ಹೊಡೆಯಿತು. ಎಲ್ಲದರ ಮೇಲೂ 1780. ಇಸವಿಯಿಂದಾಗಲೀ ಟಂಕಸಾಲೆಯ ಗುರುತಿನಿಂದಾಗಲೀ ಬೇರ್ಪಡಿಸಲು ಬರುವುದಿಲ್ಲ. ಒಡವೆಯ ಮುತ್ತು, ಹಿಂಬದಿಯ ಹದ್ದಿನ ಬಾಲದ ಗರಿ, ಅಂಚಿನ ಬರಹದ ನಡುವಿನ ಅಲಂಕಾರ ಇವನ್ನೇ ನೋಡಿ ಹೇಳಬೇಕು. ಇಸವಿ ನೋಡಿ ತೂತು ತುಂಬುವುದನ್ನು ಕಲಿತ ನನಗೆ ಇಸವಿಯೇ ಪ್ರಯೋಜನಕ್ಕೆ ಬಾರದ ನಾಣ್ಯ ಸಿಕ್ಕಿದೆ!

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಬಾಂಬೆ ಈ ಥೇಲರ್‌ಗಳನ್ನು ನೂರಕ್ಕೆ 83 ಪಾಲು ಬೆಳ್ಳಿಯಲ್ಲಿ ಹೊಡೆಯುತ್ತಿದ್ದ ಹೊತ್ತಿನಲ್ಲೇ, 1940ರಲ್ಲಿ, ನಮ್ಮ ರೂಪಾಯಿಯ ಬೆಳ್ಳಿಯನ್ನು 91.7ರಿಂದ 50ಕ್ಕೆ ಇಳಿಸಿದರು. ಒಂದೇ ಸೂರಿನ ಕೆಳಗೆ ಎರಡು ಬೆಳ್ಳಿ. ದೂರದ ಮಾರುಕಟ್ಟೆಯವರು ಒಪ್ಪದಿದ್ದರೆ ಎಂದು ಅಲ್ಲಿಗೆ ಪೂರ್ತಿ ತೂಕ, ಇಲ್ಲಿಯವರಿಗೆ ಅರ್ಧ. ಕೇಳುವ ಹಕ್ಕು ಇಲ್ಲಿನ ಜನಕ್ಕೆ ಎಷ್ಟಿತ್ತು ಎಂಬುದನ್ನು ಈ ಎರಡು ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಹೊಸ ಸಂಗ್ರಹವನ್ನು ಆರಿಸಿಕೊಳ್ಳುವವರು ನನ್ನ ಪಟ್ಟಿಯನ್ನೇ ಹಿಡಿಯಬೇಕಿಲ್ಲ. ಆದರೆ ಹೊಸ ಪಟ್ಟಿಯನ್ನು ಹೊರಗೆ ಹುಡುಕುವ ಮೊದಲು ತುಂಬಿದ ಸೆಟ್ಟಿನೊಳಗೆ ಹುಡುಕಿ ಎಂದು ಒತ್ತಿ ಹೇಳುತ್ತೇನೆ. ಅದರಲ್ಲಿ ಯಾವ ನಾಣ್ಯದ ಬಗ್ಗೆ ನೀವು ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡುತ್ತೀರಿ? ಯಾವುದನ್ನು ಮತ್ತೆ ಮತ್ತೆ ಹೊರಗೆ ತೆಗೆಯುತ್ತೀರಿ? ಅಲ್ಲಿ ಕೇಳದೆ ಉಳಿದ ಒಂದು ಪ್ರಶ್ನೆ ಇದ್ದೇ ಇರುತ್ತದೆ. ವಿನ್ಯಾಸಗಾರರ ಹೆಸರಿನ ಮೊದಲಕ್ಷರಗಳೇ ಕಣ್ಣಿಗೆ ಬೀಳುವವರು ಒಬ್ಬ ಕೆತ್ತನೆಗಾರನ ಕೆಲಸವನ್ನು ನಾಡಿನಿಂದ ನಾಡಿಗೆ ಹಿಂಬಾಲಿಸಬಹುದು. ನನ್ನ ರೂಪಾಯಿಯ ಮೇಲಿನ ದೊರೆಯ ಮುಖ ಕೆತ್ತಿದ ಬರ್ಟ್ರಮ್ ಮೆಕೆನಲ್ ಆಸ್ಟ್ರೇಲಿಯಾದವರು. ಅವರೊಬ್ಬರನ್ನು ಹಿಡಿದು ಹೊರಟರೂ ಒಂದು ಸಂಗ್ರಹವಾಗುತ್ತದೆ.

ಪ್ರಶ್ನೆ ಸಿಕ್ಕ ಮೇಲೂ ಆತುರ ಬೇಡ. ಆ ಜಾತಿಯ ಒಂದೆರಡು ಸಾಮಾನ್ಯ ನಾಣ್ಯ ತಂದು ಮೇಜಿನ ಮೇಲಿಟ್ಟುಕೊಳ್ಳಿ. ಪುಸ್ತಕ ಮೊದಲು ಕೊಳ್ಳಿ, ನಾಣ್ಯ ಆಮೇಲೆ. ಟ್ರೇಡ್ ಡಾಲರ್‌ನ ವಿಷಯದಲ್ಲಂತೂ ಇದನ್ನು ಮರೆಯಲೇಬಾರದು. ನಕಲಿಗಳು ರಾಶಿ ರಾಶಿ ಬಿದ್ದಿವೆ. ತಕ್ಕಡಿ, ವ್ಯಾಸ ಅಳೆಯುವ ಕ್ಯಾಲಿಪರ್, ನೀರಿನಲ್ಲಿ ತೂಗಿ ಸಾಂದ್ರತೆ ನೋಡುವ ಏರ್ಪಾಡು ಇಷ್ಟು ಇಲ್ಲದೆ ಹೊರಡಬಾರದು. ಟ್ರೇಡ್ ಡಾಲರ್‌ನ ಬೆಳ್ಳಿ ಮಿಶ್ರಣಕ್ಕೆ ಸಾಂದ್ರತೆ 10.3ರ ಆಸುಪಾಸು ಬರಬೇಕು. ತೂಕ ಸರಿಯಿದ್ದು ಸಾಂದ್ರತೆ ತಪ್ಪಿದರೆ ಅಲ್ಲಿಗೆ ಕೈಬಿಡಿ. ಪಟ್ಟಿಯಲ್ಲಿ ನಮ್ಮ ಕೈಗೆಟುಕದ ಒಂದು ನಾಣ್ಯ ಇದ್ದರೆ ಅದಕ್ಕೆ ಹೆದರಿ ಪಟ್ಟಿಯನ್ನೇ ಬಿಡುವುದೂ ಬೇಡ. ಗಡಿ ನಮ್ಮದು, ಅದನ್ನು ಎಲ್ಲಿ ಎಳೆದರೆ ನ್ಯಾಯ ಎಂದು ನಾವೇ ಯೋಚಿಸಬಹುದು.

ಸವರನ್ ವಿಷಯದಲ್ಲಿ ನಾನು ಹೀಗೇ ಮಾಡಿದೆ. ಅದು ಚಿನ್ನ, ಉಳಿದೆಲ್ಲ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಬಿಟ್ಟುಬಿಡೋಣ ಎನಿಸಿತ್ತು. ಆದರೆ 1918ರ ಬೆಳ್ಳಿಯ ಕಥೆಯಿಂದ ಶುರುವಾದ ಸಂಗ್ರಹದಲ್ಲಿ ಅದೇ 1918ರ ಬಾಂಬೆ ಸವರನ್ ಇಲ್ಲವೆಂದರೆ ಕಥೆ ಕುಂಟುತ್ತದೆ. ಪಟ್ಟಿಯ ಕೊನೆಗೆ ಬರೆದಿಟ್ಟಿದ್ದೇನೆ. ಮೊದಲಿಗೆ ಆಸ್ಟ್ರೇಲಿಯಾದ ಪೆನ್ನಿಗಳು, ಅವು ಸುಲಭವಾಗಿ ಸಿಗುತ್ತವೆ. ಆಮೇಲೆ ಚಾಪ್ ಮಾರ್ಕ್ ಇರುವ ಒಂದು ಟ್ರೇಡ್ ಡಾಲರ್. ಥೇಲರ್‌ಗೆ ಮಾತ್ರ ಅವಸರವಿಲ್ಲ. ಹದ್ದಿನ ಬಾಲದ ಗರಿಗಳನ್ನು ಎಣಿಸಲು ಕಲಿಯುತ್ತಿದ್ದೇನೆ.